ಮೊಮ್ಮಗಳ ಪರವಾಗಿ ಉಗಿದವಳ ಅಹವಾಲು

ಕ್ಷಯರೋಗ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾಲ್ಕು ವರ್ಷದ ಮಗುವೊಂದು ಕಫ ಉಗಿಯಲು ಕಲಿಯುವವರೆಗೆ ಅದರ ಔಷಧಿ ಪೆಟ್ಟಿಗೆಗೆ ಬೀಗ ಹಾಕಿಟ್ಟಿದ್ದೀರಿ. ಇವತ್ತಿಗೆ ಹನ್ನೆರಡು ದಿನವಾಯಿತು. ಆ ಮಗು ನನ್ನ ಮೊಮ್ಮಗಳು. ಪೆಟ್ಟಿಗೆ ನಿಮ್ಮ ಕಚೇರಿಯ ಎರಡನೇ ಕೋಣೆಯ ಹಸಿರು ಬೀರುವಿನಲ್ಲಿ, ಮೇಲಿನಿಂದ ಎರಡನೇ ಅರೆಯಲ್ಲಿದೆ. ಬೀರುವಿನ ಬಾಗಿಲಿಗೆ ಗಾಜು ಇರುವುದರಿಂದ ನನ್ನ ಮಗಳು ದಿನಾ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ನೋಡಿಕೊಂಡು ಹೋಗುತ್ತಾಳೆ. ಅದೇ ಬೀರುವಿನ ಪಕ್ಕದ ಗೋಡೆಯ ಮೇಲೆ 'ಒಂದು ದಿನವೂ ಔಷಧಿ ತಪ್ಪಿಸಬೇಡಿ' ಎಂಬ ಪೋಸ್ಟರು ಇದೆ. ಆ ಪೋಸ್ಟರು ಯಾರಿಗೆ ಬುದ್ಧಿ ಹೇಳುತ್ತಿದೆ, ನಮಗೋ ನಿಮಗೋ, ಎಂಬುದು ನನ್ನ ಮೊದಲ ಪ್ರಶ್ನೆ.

ಇದನ್ನು ನಾನೇ ಖುದ್ದಾಗಿ ಬಂದು ಕೇಳಬಹುದಿತ್ತು. ಬರಲಿಲ್ಲ, ಏಕೆಂದರೆ ನನಗೂ ಕ್ಷಯ ಇದೆ, ಔಷಧಿ ಶುರುವಾಗಿ ಇನ್ನೂ ಹನ್ನೆರಡೇ ದಿನ, ಮತ್ತು ಜನರನ್ನು ಕಾಯಿಸುವ ನಿಮ್ಮ ಕೋಣೆಗೆ ಒಂದೂ ಕಿಟಕಿ ಇಲ್ಲ. ಕ್ಷಯರೋಗದ ಕಚೇರಿಗೆ ಕಿಟಕಿ ಇಡಬೇಕೆಂದು ಯಾರಿಗೂ ತೋಚದಿದ್ದದ್ದು ಹೇಗೆ ಎಂಬುದನ್ನು ಇನ್ನೊಂದು ಪತ್ರಕ್ಕೆ ಬಿಡುತ್ತೇನೆ. ಮಗಳ ಕೈಯಲ್ಲಿ ಕಳಿಸಿದ ಮೂರು ಮನವಿಗಳಿಗೆ ಮೂರು ಸ್ವೀಕೃತಿ ಮುದ್ರೆಗಳು ಬಂದಿವೆ. ಮುದ್ರೆಗಳು ಬಹಳ ಸ್ಪಷ್ಟವಾಗಿವೆ. ಉತ್ತರ ಮಾತ್ರ ಬಂದಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಬರೆಯುವುದು ನನಗೆ ಹೊಸತಲ್ಲ. ಮೂವತ್ತೊಂದು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ನಿಮ್ಮಂಥ ಎಷ್ಟೋ ಮುಖ್ಯಾಧಿಕಾರಿಗಳು ಬಾಯಲ್ಲಿ ಹೇಳಿದ್ದನ್ನು ಅಂಚು ಬಿಟ್ಟು, ಸಾಲು ನೋಡಿ ಹೊಡೆದುಕೊಟ್ಟಿದ್ದೇನೆ. 'ಪರಿಶೀಲಿಸಲಾಗುವುದು' ಎಂದರೆ ಏನು, 'ನಿಯಮಾನುಸಾರ' ಎಂದರೆ ಏನು, ನನಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ನಾನು ಮಾಡಿದ ತಪ್ಪೂ ಆ ಮೂವತ್ತೊಂದು ವರ್ಷದ ಅಭ್ಯಾಸದಿಂದಲೇ ಆದದ್ದು. ಅದನ್ನು ಮುಚ್ಚಿಡುವುದಿಲ್ಲ, ಕ್ರಮವಾಗಿ ಹೇಳುತ್ತೇನೆ.

ಮೊಮ್ಮಗಳನ್ನು ನಾವು ಮನೆಯಲ್ಲಿ ವಕೀಲಮ್ಮ ಎಂದು ಕರೆಯುತ್ತೇವೆ. ಏನು ಹೇಳಿದರೂ ಯಾಕೆ ಎಂದು ಕೇಳದೆ ಬಿಡುವವಳಲ್ಲ. 'ಮಳೆ ಬರ್ತಿದೆ, ಒಳಗೆ ಬಾ' ಎಂದರೆ 'ನಾನು ಹೊರಗಿದೀನಿ ಅಂತ ಮಳೆಗೆ ಹೇಗೆ ಗೊತ್ತು?' ಎಂದು ಅಡ್ಡ ಸವಾಲು ಹಾಕುತ್ತಿದ್ದಳು. ಅವಳ ತಾಯಿ, ಅಂದರೆ ನನ್ನ ಮಗಳು, ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುತ್ತಾಳೆ. ಅಳಿಯ ಲಾರಿ ಓಡಿಸುವವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ವಕೀಲಮ್ಮ ಮೊಲೆ ಬಿಟ್ಟ ದಿನದಿಂದ ಮಲಗಿದ್ದು ನನ್ನ ಮಗ್ಗುಲಲ್ಲಿ. ನನಗೆ ಕೆಮ್ಮು ಇತ್ತು. ಹಳೆಯ ಕಡತಗಳ ದೂಳಿನಲ್ಲಿ ಆಯಸ್ಸು ಕಳೆದವಳಿಗೆ ಕೆಮ್ಮು ಇಲ್ಲದಿದ್ದರೆ ಆಶ್ಚರ್ಯ ಎಂದು ನಾನು ನಂಬಿದ್ದೆ, ಮನೆಯವರೂ ನಂಬಿದ್ದರು.

ಎರಡು ತಿಂಗಳು ಮಗುವಿಗೆ ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕೊಟ್ಟ ಸಿರಪ್ಪುಗಳೆಲ್ಲ ನೀರಾದವು. ಸ್ನಾನ ಮಾಡಿಸುವಾಗ ಬೆನ್ನಿನ ಮೂಳೆ ಕೈಗೆ ಸಿಗತೊಡಗಿತು. ಆದರೆ ನಾನು ಹೆದರಿದ್ದು ಅದಕ್ಕಲ್ಲ. ಒಂದು ದಿನ ಹಾಲಿನ ಲೋಟ ಕೊಟ್ಟು 'ಕುಡಿ' ಎಂದೆ, ಅವಳು ಯಾಕೆ ಎಂದು ಕೇಳದೆ ಕುಡಿದುಬಿಟ್ಟಳು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಮಕ್ಕಳ ಡಾಕ್ಟರು ಎಕ್ಸ್‌ರೇ ತೆಗೆಸಿ, ಎದೆಯ ನಡುವೆ ಊದಿದ ಗಂಟುಗಳನ್ನು ಪೆನ್ನಿನ ತುದಿಯಿಂದ ತೋರಿಸಿದರು. ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ದೂಳಿನ ಕೆಮ್ಮನ್ನು ನಾನು ಕೆಮ್ಮಿನ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನನ್ನ ಪ್ರಕಾರ ಟಿಬಿನೇ ಅಮ್ಮ," ಎಂದರು ಡಾಕ್ಟರು. "ಆದ್ರೆ ಲ್ಯಾಬ್ ರಿಪೋರ್ಟ್ ಇಲ್ದೆ ಕಚೇರಿಯವರು ಔಷಧಿ ಬಿಡಲ್ಲ. ಕಫ ಪರೀಕ್ಷೆಗೆ ಬರ್ಕೊಡ್ತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಹುಟ್ಟಿದ್ದು ಇಂಥ ಕಡೆಯೇ ಇರಬೇಕು. ನಿಮ್ಮ ಕೌಂಟರಿನಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮೊದಲ ದಿನ ಮಗಳು ಮಗುವಿನ ಬೆನ್ನು ತಟ್ಟಿ, ಕೆಮ್ಮಿಸಿ, ಒಂದಿಷ್ಟು ತುಂಬಿಸಿಕೊಂಡು ಹೋದಳು. 'ಜೊಲ್ಲು, ಕಫವಲ್ಲ, ತಿರಸ್ಕೃತ' ಎಂಬ ಚೀಟಿಯೊಂದಿಗೆ ಡಬ್ಬಿ ವಾಪಸು ಬಂತು. ಎರಡನೇ ದಿನವೂ ಅದೇ ಚೀಟಿ. ಕೌಂಟರಿನವರು ಮುಖ ಎತ್ತದೆ ಹೇಳಿದರಂತೆ: "ನೋಡಿ, ಮೂರನೇ ಸಲನೂ ಉಗುಳು ತಂದ್ರೆ ಕೇಸು ಮುಗಿಸ್ತೀವಿ. ಆಮೇಲೆ ಮೊದಲಿಂದ ಚೀಟಿ ಮಾಡಿಸ್ಕೊಂಡು ಬರ್ಬೇಕು." ಅವರನ್ನು ನಾನು ದೂರುವುದಿಲ್ಲ. ಅವರ ಮುಂದೆ ಇದ್ದ ಹಾಳೆಯಲ್ಲಿ ಹಾಗೇ ಬರೆದಿತ್ತು. ಆ ಹಾಳೆಯ ಕೆಳಗೆ ಇದ್ದದ್ದು ನಿಮ್ಮ ಸಹಿ.

ಮೂರನೇ ಬೆಳಿಗ್ಗೆ ಆರು ಗಂಟೆಗೆ ಮಗಳು ಬಚ್ಚಲುಮನೆಯಲ್ಲಿ ಮಗುವನ್ನು ಕೂರಿಸಿಕೊಂಡಿದ್ದಳು. "ಕೆಮ್ಮು ಕಂದ, ಇನ್ನೊಂದು ಸಲ, ಒಳಗಿಂದ." ಮಗು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಿತು. ಮಗಳು ಅಳುತ್ತಾ ಅದರ ಬಟ್ಟೆ ಬದಲಿಸಲು ಒಳಗೆ ಎತ್ತಿಕೊಂಡು ಹೋದಳು. ಡಬ್ಬಿ ಬಚ್ಚಲ ಕಟ್ಟೆಯ ಮೇಲೆ ಖಾಲಿ ಉಳಿಯಿತು. ಅದಕ್ಕೆ ಸುತ್ತಿದ್ದ ಅರ್ಜಿಯ ಕೆಳಭಾಗದಲ್ಲಿ 'ಅಪ್ರಾಪ್ತ ವಯಸ್ಕರಾದಲ್ಲಿ, ಅವರ ಪರವಾಗಿ ಪೋಷಕರು' ಎಂದು ಅಚ್ಚಾಗಿತ್ತು. ಅಲ್ಲಿ ಹಿಂದಿನ ದಿನ ನಾನೇ ಸಹಿ ಹಾಕಿದ್ದೆ. ಖಾಲಿ ಕಾಲಂ ಬಿಟ್ಟು ಕಾಗದ ಮೇಲಕ್ಕೆ ಕಳಿಸಬಾರದು ಎಂಬುದು ನಾನು ಜೀವನವಿಡೀ ಪಾಲಿಸಿದ ಒಂದೇ ಧರ್ಮ. ರೋಗ ಇದೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಇನ್ನು ಬೇಕಾಗಿದ್ದದ್ದು ಕಾಲಂ ತುಂಬುವುದು ಮಾತ್ರ. ಸಹಿ ಹಾಕಿದವಳು ಉಗಿದರೆ ಏನು ತಪ್ಪು? ನನಗೋ ಬೆಳಗಿನ ಕೆಮ್ಮು ಕರೆಯದೆ ಬರುತ್ತಿತ್ತು. ಮೊಮ್ಮಗಳ ಪರವಾಗಿ ಆ ಡಬ್ಬಿಗೆ ನಾನು ಉಗಿದೆ, ಮುಚ್ಚಳ ತಿರುಗಿಸಿ ಮಗಳ ಕೈಗೆ ಕೊಟ್ಟೆ. ಅವಳಿಗೂ ಹೇಳಲಿಲ್ಲ. 'ಕೊನೆಗೂ ಬಂತು' ಎಂದಷ್ಟೇ ಹೇಳಿದೆ.

ಈಗ ನಿಮಗೆ ನಗು ಬರಬಹುದು. ನನಗೂ ಒಂದು ಕಾಲದಲ್ಲಿ ಬರುತ್ತಿತ್ತೇನೋ.

ಎರಡು ದಿನಕ್ಕೆ ರಿಪೋರ್ಟು ಬಂತು. ರೋಗಾಣು ಇದೆ, ಅದೂ ಮೂರು ಪ್ಲಸ್. ಅಂದರೆ ಸೂಕ್ಷ್ಮದರ್ಶಕದಲ್ಲಿ ಕಣ್ಣು ಇಟ್ಟಲ್ಲೆಲ್ಲ ರೋಗಾಣು. ನಾಲ್ಕು ವರ್ಷದ ಮಗುವಿನ ಹೆಸರಿನಲ್ಲಿ ಅಂಥ ಫಲಿತಾಂಶ ಬರುವುದು ಅಪರೂಪದಲ್ಲಿ ಅಪರೂಪ ಎಂದು ಈಗ ನನಗೆ ಗೊತ್ತು. ನಿಮ್ಮ ಕಚೇರಿಗೆ ಆಗಲೇ ಗೊತ್ತಿರಬೇಕಿತ್ತಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ; ನೀವು ಕಟ್ಟಿದಿರಿ. ನಾಲ್ಕು ಕಡೆ ಮುದ್ರೆ ಬಿತ್ತು, ಪೆಟ್ಟಿಗೆ ಬಂತು, ಔಷಧಿ ಶುರುವಾಯಿತು. ಕಾಲಂ ತುಂಬಿತ್ತು, ಯಾರೂ ಏನೂ ಕೇಳಲಿಲ್ಲ.

ಔಷಧಿ ಹಿಡಿಯಿತು. ಮೂರನೇ ವಾರಕ್ಕೆ ಸಂಜೆಯ ಜ್ವರ ಬಿಟ್ಟಿತು. ತೂಕ ಹನ್ನೊಂದು ಕಿಲೋದಿಂದ ಹನ್ನೆರಡಕ್ಕೆ ಹತ್ತಿತು. ಒಂದು ಬೆಳಿಗ್ಗೆ ನೀರಿನಲ್ಲಿ ಕರಗಿಸಿದ ಮಾತ್ರೆ ಕುಡಿಸಲು ಹೋದರೆ "ಇದು ಹೊಟ್ಟೆಗೆ ಹೋಗತ್ತೆ, ಕೆಮ್ಮು ಎದೇಲಿ ಇದೆ. ದಾರಿ ಯಾರು ತೋರಿಸ್ತಾರೆ?" ಎಂದು ಕೇಳಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಮ್ಮ ವಕೀಲಮ್ಮ ಕೆಲಸಕ್ಕೆ ಮರಳಿದ್ದಳು.

ಮೂವತ್ನಾಲ್ಕನೇ ದಿನ ನಿಮ್ಮ ಪ್ರಯೋಗಾಲಯದ ತಂತ್ರಜ್ಞೆ ನಮ್ಮ ಮನೆಗೆ ಬಂದಳು. ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನವಳು, ಹೆರಿಗೆ ರಜೆ ಮುಗಿಸಿ ಹಿಂದಿನ ವಾರವಷ್ಟೇ ಕೆಲಸಕ್ಕೆ ಬಂದಿದ್ದಳು. ರಜೆಯಲ್ಲಿ ಬೇರೆಯವರು ನೋಡಿದ, ಕಫ ಸವರಿದ ಗಾಜಿನ ಪಟ್ಟಿಗಳನ್ನು ಮತ್ತೊಮ್ಮೆ ನೋಡುವುದು ಅವಳ ಕೆಲಸವಂತೆ. ನಿಮ್ಮ ಇಡೀ ವ್ಯವಸ್ಥೆಯಲ್ಲಿ ವಯಸ್ಸಿನ ಕಾಲಮ್ಮನ್ನೂ ಫಲಿತಾಂಶದ ಕಾಲಮ್ಮನ್ನೂ ಜೊತೆಗಿಟ್ಟು ಓದಿದವಳು ಅವಳೊಬ್ಬಳು. ಬಾಗಿಲ ಹೊರಗೇ ಜಗುಲಿಯ ಮೇಲೆ ಕೂತಳು, ಒಳಗೆ ಬರಲಿಲ್ಲ.

"ಅಜ್ಜಿ, ಬೈಯೋಕೆ ಬಂದಿಲ್ಲ. ಆ ಡಬ್ಬಿಗೆ ಉಗಿದಿದ್ದು ಯಾರು ಹೇಳಿಬಿಡಿ."

"ಮಗು."

"ಮಗು ಆಗಿದ್ರೆ ನಾನು ಇಲ್ಲಿವರೆಗೆ ಬರ್ತಿರ್ಲಿಲ್ಲ."

ನಾನು ಇನ್ನೇನೋ ಹೇಳಲು ಬಾಯಿ ತೆರೆದೆ, ಕೆಮ್ಮು ಬಂತು. ನಿಲ್ಲಲೇ ಇಲ್ಲ. ನನಗಿಂತ ಮೊದಲು ಅದೇ ತಪ್ಪೊಪ್ಪಿಕೊಂಡಿತು. ಅವಳು ಬ್ಯಾಗಿನಿಂದ ಮಾಸ್ಕು ತೆಗೆದು ಮೊದಲು ನನಗೆ ಕೊಟ್ಟಳು, ಆಮೇಲೆ ತಾನು ಹಾಕಿಕೊಂಡಳು.

"ಈ ವಯಸ್ಸಿನ ಮಕ್ಕಳ ಎದೇಲಿ ರೋಗಾಣು ಇರೋದೇ ಕಮ್ಮಿ ಅಜ್ಜಿ," ಎಂದು ಬಿಡಿಸಿ ಹೇಳಿದಳು. "ಕೆಮ್ಮಿದ್ರೂ ಬಾಯಿಗೆ ಬರಲ್ಲ, ನುಂಗಿಬಿಡ್ತಾರೆ. ಅದಕ್ಕೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋ ಮುಂಚೆನೇ ಹೊಟ್ಟೆಯಿಂದ ನೀರು ತೆಗೀಬೇಕು. ಮೂಗಿನ ಮೂಲಕ ಸಣ್ಣ ಕೊಳವೆ ಹಾಕಿ ತೆಗೀತಾರೆ. ಇಲ್ಲ ಅಂದ್ರೆ ಮಲದಲ್ಲಿ ಹುಡುಕಬಹುದು, ಈಗಿನ ಮಷೀನು ಅದನ್ನೂ ಓದತ್ತೆ."

"ಮತ್ತೆ ಯಾಕಮ್ಮ ಹಾಗೆ ಮಾಡಲ್ಲ?"

"ನಮ್ಮ ಅರ್ಜಿಲಿ ಮಾದರಿ ಅನ್ನೋ ಜಾಗದಲ್ಲಿ ಕಫ ಅಂತ ಒಂದೇ ಅಚ್ಚಾಗಿದೆ. ಬೇರೆದು ಕೈಯಲ್ಲಿ ಬರೆದ್ರೆ ಆಕ್ಷೇಪಣೆ ಹಾಕಿ ವಾಪಸ್ ಕಳಿಸ್ತಾರೆ."

ಮಾನ್ಯರೇ, ಮೊಲೆ ಬಿಟ್ಟಂದಿನಿಂದ ನನ್ನ ಮಗ್ಗುಲಲ್ಲಿ ಮಲಗಿದ ಮಗುವಿಗೆ ಈ ರೋಗ ಎಲ್ಲಿಂದ ಬಂತು ಎಂದು ಆ ಹುಡುಗಿ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ರಾತ್ರಿ ಕಥೆ ಹೇಳುವಾಗ ಮೊಮ್ಮಗಳ ಮುಖ ನನ್ನ ಮುಖದಿಂದ ಒಂದು ಗೇಣು ದೂರವೂ ಇರುತ್ತಿರಲಿಲ್ಲ. ಕಥೆಯ ಜೊತೆಗೆ ನಾನು ಅದನ್ನೂ ಕೊಟ್ಟೆ. ಇದಕ್ಕೆ ನನಗೆ ಯಾವ ಕಚೇರಿಯ ನೋಟೀಸೂ ಬೇಕಾಗಿಲ್ಲ.

ಸುಳ್ಳು ಹೇಳಿ ಮುಂದುವರಿಸಬಹುದಿತ್ತು. ಮಗುವಿಗೆ ಔಷಧಿ ಸಿಗುತ್ತಿತ್ತು, ನಿಮ್ಮ ಕಡತವೂ ಸುಖವಾಗಿರುತ್ತಿತ್ತು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ಕಲಿತ ಪೀಳಿಗೆ ನನ್ನದು. ಮತ್ತೆ ಆ ಹುಡುಗಿಯ ಲೆಕ್ಕವೂ ಸರಿಯಾಗಿತ್ತು: ಅಜ್ಜಿಗೆ ಪರೀಕ್ಷೆ ಆಗಬೇಕು, ಅವರಿಂದ ಬೀದಿಯಲ್ಲಿ ಇನ್ನಷ್ಟು ಮಕ್ಕಳಿಗೆ ಹರಡಬಾರದು, ಮಗುವಿನ ರೋಗವನ್ನು ಸರಿಯಾದ ದಾರಿಯಲ್ಲಿ ಬರೆದಿಡಬೇಕು. ನಾನು ನಡೆದದ್ದನ್ನು ನಡೆದಂತೆ ಬರೆದು ಸಹಿ ಹಾಕಿದೆ. ಅವಳು ನೋಂದಣಿ ಪುಸ್ತಕದಲ್ಲಿ 'ಈ ಮಾದರಿ ಸದರಿ ರೋಗಿಯದಲ್ಲ' ಎಂದು ಪ್ರಾಮಾಣಿಕವಾಗಿ ತಿದ್ದಿದಳು.

ನಾಲ್ಕೇ ದಿನದಲ್ಲಿ ನಿಮ್ಮ ಆದೇಶ ಬಂತು. ಇಷ್ಟು ಚುರುಕಿನ ಆದೇಶವನ್ನು ನನ್ನ ಇಡೀ ಸೇವೆಯಲ್ಲಿ ನಾನು ಕಂಡಿಲ್ಲ. 'ಸದರಿ ಬಾಲಕಿಗೆ ರೋಗವಿರುವುದು ಪ್ರಯೋಗಾಲಯದಿಂದ ದೃಢಪಟ್ಟಿರುವುದಿಲ್ಲವಾದ್ದರಿಂದ ಔಷಧಿ ವಿತರಣೆಯನ್ನು ತಕ್ಷಣದಿಂದ ಸ್ಥಗಿತಗೊಳಿಸಿ, ಕಫದ ಮಾದರಿಯನ್ನು ಹೊಸದಾಗಿ ಸಲ್ಲಿಸತಕ್ಕದ್ದು.' ಅವತ್ತೇ ನಿಮ್ಮವರು ಬಂದು ಮಗುವಿನ ಪೆಟ್ಟಿಗೆಯನ್ನು ಮನೆಯಿಂದ ಎತ್ತಿಕೊಂಡು ಹೋದರು. ಮೂವತ್ತೆಂಟು ದಿನ ಔಷಧಿ ಕುಡಿದು ಚೇತರಿಸಿಕೊಳ್ಳುತ್ತಿದ್ದ ಮಗುವಿಗೆ ನೀವು ಹೇಳಿದ್ದು ಇಷ್ಟೇ: ನಿನ್ನ ರೋಗ ನಮ್ಮ ಪುಸ್ತಕದಲ್ಲಿ ಇಲ್ಲ, ಆದ್ದರಿಂದ ನಿನ್ನಲ್ಲೂ ಇಲ್ಲ. ಮಕ್ಕಳ ಡಾಕ್ಟರು ಎಕ್ಸ್‌ರೇ ಸಮೇತ ಎರಡು ಪುಟ ಬರೆದು ಕಳಿಸಿದರು. ಅದಕ್ಕೂ ಮುದ್ರೆ ಬಿತ್ತು. ನಿಮ್ಮ ಆದೇಶ ಬಂದ ಬೆಳಿಗ್ಗೆಯೇ ನನ್ನ ಕಫದ ಫಲಿತಾಂಶವೂ ಬಂದು, ನನ್ನ ಹೆಸರಿನ ಪೆಟ್ಟಿಗೆ ಮನೆ ತಲುಪಿತು. ರೋಗ ಹಂಚಿದವಳಿಗೆ ಔಷಧಿ, ಹಂಚಿಸಿಕೊಂಡವಳಿಗೆ ಬೀಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ನೀವು ಇಬ್ಬರಿಗೂ ಜ್ವರ ಇರುವಾಗ ಬರೆಯನ್ನು ಕರುವಿಗೆ ಹಾಕಿದ್ದೀರಿ.

ಇನ್ನೂ ಒಂದು ನಡೆಯಿತು. ಔಷಧಿ ನಿಂತ ಐದನೇ ದಿನ ಡಾಕ್ಟರೂ ತಂತ್ರಜ್ಞೆಯೂ ಸೇರಿ, ಮಗುವನ್ನು ಹಿಂದಿನ ಸಂಜೆಯೇ ವಾರ್ಡಿಗೆ ಸೇರಿಸಿಕೊಂಡು, ಬೆಳಿಗ್ಗೆ ಆರಕ್ಕೆ ಅದು ಏಳುವ ಮೊದಲೇ ಹೊಟ್ಟೆಯ ನೀರು ತೆಗೆದರು. ಮಗಳು ಎರಡೂ ಕೈ ಹಿಡಿದುಕೊಂಡಿದ್ದಳು, ನರ್ಸು ತಲೆ ಹಿಡಿದಿದ್ದರು. ಕೊಳವೆ ಮೂಗಿನೊಳಗೆ ಇಳಿಯುವಾಗ ಮಗು ಕಿರುಚಿದ್ದು ಕಾರಿಡಾರಿನ ಕೊನೆಯವರೆಗೆ ಕೇಳಿಸಿತಂತೆ. ಒಂದು ಸಣ್ಣ ಸೀಸೆಯಷ್ಟು ಬಂತು. ಹೊಟ್ಟೆಯ ಹುಳಿಗೆ ರೋಗಾಣು ಬೇಗ ಸಾಯುತ್ತದೆಂದು ಆ ಹುಡುಗಿ ಅಲ್ಲೇ ಸೋಡಾ ಪುಡಿ ಬೆರೆಸಿದಳು. ಮಷೀನು ಇರುವುದು ನಿಮ್ಮ ಕಚೇರಿಯ ಪ್ರಯೋಗಾಲಯದಲ್ಲಿ ಮಾತ್ರ. ಏಳು ಗಂಟೆಗೆ ಸೀಸೆ ಹಿಡಿದು ಅವಳು ನಿಮ್ಮ ಬಾಗಿಲಲ್ಲಿದ್ದಳು. ಮಾದರಿ ಸ್ವೀಕರಿಸುವ ಸಮಯ ಹತ್ತೂವರೆ. ಅರ್ಜಿಗೆ ಮುದ್ರೆ ಬೀಳದೆ ಅವಳೂ ಮಷೀನು ಮುಟ್ಟುವಂತಿಲ್ಲ. ಹತ್ತೂವರೆಗೆ ಕೌಂಟರು ತೆರೆಯಿತು, ಅರ್ಜಿ ಒಳಗೆ ಹೋಯಿತು, ಸೀಸೆ ಹೊರಗಿನ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿತು. ಒಂದು ಗಂಟೆಗೆ ಅರ್ಜಿ ಹೊರಗೆ ಬಂತು: 'ಮಾದರಿ ಕಫವಲ್ಲ. ಹಿಂತಿರುಗಿಸಿದೆ.' ಅಷ್ಟರಲ್ಲಿ ಆ ನೀರಿನಲ್ಲಿ ನಂಬುವಂಥದ್ದು ಏನೂ ಉಳಿದಿರಲಿಲ್ಲ ಎಂದು ಅವಳು ನನಗೆ ಫೋನಿನಲ್ಲಿ ಹೇಳುವಾಗ ಬಿಕ್ಕಿದಳು.

ಸೀಸೆ ವಾಪಸು ಬಂದದ್ದನ್ನು ಮಗು ಕೇಳಿಸಿಕೊಂಡಿತ್ತು. ತಾಯಿಯನ್ನು ಕೇಳಿತು: "ವಾಪಸ್ ಕೊಟ್ರಲ್ಲ, ಈಗ ಅದನ್ನ ಮೂಗಿಂದಾನೇ ವಾಪಸ್ ಹಾಕ್ತಾರಾ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನಾಲ್ಕು ವರ್ಷದ ಮಗುವನ್ನು ಹಿಡಿದು ಅಷ್ಟು ನೋಯಿಸಿ ತೆಗೆದದ್ದನ್ನು ಯಾವ ವಿದ್ಯೆಯ ಆಧಾರದ ಮೇಲೆ ಹಿಂತಿರುಗಿಸಿದಿರಿ? ರೋಗಾಣುವಿಗೆ ನಿಮ್ಮ ಕಚೇರಿ ಸಮಯ ಗೊತ್ತೇ? ಹತ್ತೂವರೆಯವರೆಗೆ ಹುಷಾರಾಗಿ ಕಾಯ್ದುಕೊಂಡಿರು ಎಂದು ಅದಕ್ಕೆ ಸುತ್ತೋಲೆ ಕಳಿಸಿದ್ದೀರಾ? ನಿಮ್ಮ ಅರ್ಜಿ ನಮೂನೆ ಮಾಡಿದವರಿಗೆ ಮಕ್ಕಳು ಇರಲಿಲ್ಲವೇ, ಅಥವಾ ಅವರ ಮನೆಯ ಮಕ್ಕಳು ಕಫ ಉಗಿಯುತ್ತಲೇ ಹುಟ್ಟಿದವರೇ? ನಾನು ಎಷ್ಟೋ ನಮೂನೆಗಳನ್ನು ತಿದ್ದಿ ಬೆರಳಚ್ಚಿಸಿದ್ದೇನೆ. ಕಫ ಎಂಬ ಪದದ ಮುಂದೆ ಇನ್ನೆರಡು ಪದ ಸೇರಿಸಲು ಅರ್ಧ ನಿಮಿಷ ಸಾಕು. ಬೇಕಾದರೆ ಕಳಿಸಿಕೊಡಿ, ನಾನೇ ಹೊಡೆದುಕೊಡುತ್ತೇನೆ. ವೇಗ ಸ್ವಲ್ಪ ಕಡಿಮೆಯಾಗಿದೆ, ತಪ್ಪು ಬರುವುದಿಲ್ಲ.

ಈ ಹನ್ನೆರಡು ದಿನಗಳಲ್ಲಿ ನನ್ನ ಪೆಟ್ಟಿಗೆಯನ್ನು ನಾನು ಎಷ್ಟು ಸಲ ತೆರೆದು ಮುಚ್ಚಿದೆನೋ ದೇವರಿಗೇ ಗೊತ್ತು. ನನ್ನ ಮಾತ್ರೆಯನ್ನು ಮುರಿದು ಕಾಲು ಭಾಗ ಕರಗಿಸಿ ಕೊಟ್ಟರೆ ಹೇಗೆ? ಮೊನ್ನೆ ಮುರಿದೂ ಬಿಟ್ಟಿದ್ದೆ. ಮಗಳು ನೋಡಿ ಕೈಯಿಂದ ಕಿತ್ತುಕೊಂಡಳು.

"ಅಮ್ಮ, ನಿನಗೆ ಕೈ ಮುಗೀತೀನಿ. ಮತ್ತೆ ಅವಳ ಪರವಾಗಿ ಏನೂ ಮಾಡ್ಬೇಡ."

ಅವಳು ಹೇಳಿದ್ದು ಸರಿ. ದೊಡ್ಡವರ ಮಾತ್ರೆ ಮಗುವಿನ ತೂಕಕ್ಕೆ ಎಷ್ಟು, ಯಾವುದು ಎಂದು ನನಗೇನು ಗೊತ್ತು? ಆದರೂ ಆ ಮಾತು ಎದೆಗೆ ನಾಟಿದೆ, ಹೋಗುತ್ತಿಲ್ಲ. ಸೋಮವಾರದಿಂದ ಸಂಜೆಯ ಜ್ವರ ಮತ್ತೆ ಬರುತ್ತಿದೆ. ತೂಕ ಮುನ್ನೂರು ಗ್ರಾಂ ಇಳಿದಿದೆ. ಅರ್ಧಕ್ಕೆ ನಿಂತ ಔಷಧಿಗೆ ಆಮೇಲೆ ರೋಗ ಬಗ್ಗುವುದಿಲ್ಲ ಎಂದು ನಿಮ್ಮ ಪೋಸ್ಟರೇ ಹೇಳುತ್ತದೆ. ಹಾಗಾದರೆ ಈ ಮಗುವಿನ ಎದೆಯಲ್ಲಿ ಔಷಧಿಗೆ ಬಗ್ಗದ ರೋಗವನ್ನು ಸಾಕುತ್ತಿರುವವರು ಯಾರು? ಕೊಟ್ಟವಳು ನಾನು, ಒಪ್ಪಿಕೊಂಡಿದ್ದೇನೆ. ಸಾಕುತ್ತಿರುವವರು ಒಪ್ಪಿಕೊಳ್ಳುತ್ತಾರೆಯೇ?

ಸತ್ಯ ಹುಡುಕಿದ ಆ ತಂತ್ರಜ್ಞೆಗೆ 'ದಾಖಲೆ ತಿದ್ದಿದ' ಕಾರಣ ಕೇಳಿ ನೋಟೀಸು ಕೊಟ್ಟಿದ್ದೀರಂತೆ. ಸುಳ್ಳು ಮಾದರಿಯನ್ನು ಐದು ವಾರ ಕಣ್ಣು ಮುಚ್ಚಿ ಒಪ್ಪಿಕೊಂಡ ಯಾರಿಗೂ ನೋಟೀಸು ಹೋಗಿಲ್ಲ. ಹೀಗಾದರೆ ಮುಂದಿನ ಸಲ ಅನುಮಾನ ಬಂದ ತಂತ್ರಜ್ಞೆ ಏನು ಮಾಡುತ್ತಾಳೆ? ಗಾಜಿನ ಪಟ್ಟಿಯನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋಗುತ್ತಾಳೆ. ನಿಮ್ಮ ಕೌಂಟರಿನ ಮುಂದೆ ಡಬ್ಬಿ ಹಿಡಿದು ನಿಂತ ಇನ್ನೆಷ್ಟು ಅಜ್ಜಿಯರು, ತಾಯಂದಿರು ಮಕ್ಕಳ ಪರವಾಗಿ ಉಗಿದಿದ್ದಾರೋ ಬಲ್ಲವರು ಯಾರು? ನನ್ನ ಹಾಗೆ ರೋಗವಿದ್ದವರು ಉಗಿದರೆ ಮಗುವಿಗೆ ಔಷಧಿಯಾದರೂ ಸಿಗುತ್ತದೆ. ಆರೋಗ್ಯವಂತ ತಾಯಿ ಉಗಿದಿದ್ದರೆ? 'ರೋಗವಿಲ್ಲ' ಎಂಬ ಮುದ್ರೆಯೊಂದಿಗೆ ಆ ಮಗು ಮನೆಗೆ ಹೋಗಿರುತ್ತದೆ. ಅದು ಈಗ ಹೇಗಿದೆ ಎಂದು ನಿಮ್ಮ ಯಾವ ಪುಸ್ತಕದಲ್ಲಿ ಬರೆದಿದೆ?

ನಾನು ಕೇಳುತ್ತಿರುವುದು ದಯೆಯನ್ನಲ್ಲ. ಈ ಪತ್ರ ಓದಿದ ದಿನವೇ ಆ ಹಸಿರು ಬೀರುವಿನ ಬೀಗ ತೆಗೆಯಿರಿ. ಮಗುವಿನ ಎಕ್ಸ್‌ರೇ ಇದೆ, ಡಾಕ್ಟರ ಬರಹ ಇದೆ, ಮಗ್ಗುಲಲ್ಲೇ ಮಲಗುತ್ತಿದ್ದ ನನ್ನ ಮೂರು ಪ್ಲಸ್ ಇದೆ. ಇನ್ನೂ ಪರೀಕ್ಷೆಯೇ ಬೇಕೆಂದರೆ ಔಷಧಿ ಕೊಡುತ್ತಲೇ ಮಾಡಿ. ಮಗುವಿನ ಹೊಟ್ಟೆಯ ನೀರನ್ನೋ ಮಲವನ್ನೋ ತೆಗೆದುಕೊಳ್ಳಿ, ಬೆಳಿಗ್ಗೆ ಏಳಕ್ಕೆ ಕೌಂಟರು ತೆರೆಯಿರಿ, ಅರ್ಜಿಯಲ್ಲಿ ಅದಕ್ಕೆ ಜಾಗ ಮಾಡಿ. ಆ ಹುಡುಗಿಗೆ ಕೊಟ್ಟ ನೋಟೀಸು ಹಿಂತೆಗೆದುಕೊಳ್ಳಿ. ಯಾರಿಗಾದರೂ ಶಿಕ್ಷೆ ಕೊಡಲೇಬೇಕು ಎಂದಾದರೆ ಸುಳ್ಳು ಮಾದರಿ ಕೊಟ್ಟವಳು ಇಲ್ಲೇ ಇದ್ದಾಳೆ, ವಿಳಾಸ ನಿಮ್ಮ ಕಡತದಲ್ಲಿದೆ. ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ, ಈ ಸಲ ನನ್ನ ಪರವಾಗಿ ಮಾತ್ರ.

ಈಗ ನಾನು ಬೇರೆ ಕೋಣೆಯಲ್ಲಿದ್ದೇನೆ. ಕಿಟಕಿ ತೆರೆದಿರುತ್ತದೆ, ಮಗು ಹೊಸ್ತಿಲ ಆಚೆ ಕೂರುತ್ತದೆ. ಕಥೆ ಕೇಳುವುದಿಲ್ಲ, ವಾದ ಮಾಡುವುದಿಲ್ಲ. ಆಟದ ಸಾಮಾನಿನ ಒಂದು ಪುಟ್ಟ ಲೋಟ ಇಟ್ಟುಕೊಂಡು ಬೆಳಿಗ್ಗೆಯಿಂದ ಅದರೊಳಗೆ ಕೆಮ್ಮುತ್ತಿರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ದೊಡ್ಡವರ ಮಾತು ಕೇಳಿಸಿಕೊಂಡು ತಾನೇ ಕಂಡುಕೊಂಡ ಉಪಾಯ. ಇವತ್ತು ಈ ಪತ್ರ ಬರೆಯಲು ಕೂತಾಗ ಲೋಟವನ್ನು ಹೊಸ್ತಿಲಿನ ಈಚೆಗೆ ಮೆಲ್ಲಗೆ ತಳ್ಳಿ ನನ್ನ ಮುಖ ನೋಡಿತು. ತಳದಲ್ಲಿ ನೊರೆನೊರೆಯಾದ ಒಂದಿಷ್ಟು ಜೊಲ್ಲು.

"ಅಜ್ಜಿ, ಇಷ್ಟು ಸಾಕಾ ಅವರಿಗೆ?"

ಇಂತಿ,
ಒಂದು ಸುಳ್ಳಿನಿಂದ ಮೊಮ್ಮಗಳಿಗೆ ಮೂವತ್ತೆಂಟು ದಿನದ ಔಷಧಿ ಕೊಡಿಸಿ, ಒಂದು ಸತ್ಯದಿಂದ ಅದನ್ನು ನಿಲ್ಲಿಸಿದ ಅಜ್ಜಿ